ಹರಿದಾಡುವ ಕಡಲ ಪಾಚಿ: ಕಾಲರ್ಪದ ರೂಪವೂ ನೆಲೆಯೂ

ಗರಿಕೆಯನ್ನು ಕುಂಟೆಯಿಂದ ಕಿತ್ತು ಹೊಲದಲ್ಲಿಯೇ ಬಿಟ್ಟರೆ, ಕಿತ್ತ ಪ್ರತಿಯೊಂದು ತುಂಡೂ ಮುಂದಿನ ಮಳೆಗೆ ಬೇರೂರಿ ಒಂದೊಂದು ಗಿಡವಾಗುವುದೆಂಬುದನ್ನು ಬೇಸಾಯಗಾರರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಇದೇ ಸ್ವಭಾವವುಳ್ಳ ಸಸ್ಯವೊಂದು ಉಷ್ಣವಲಯದ ಸಮುದ್ರಗಳ ತಳದಲ್ಲಿಯೂ ಉಂಟು. ಶಾಸ್ತ್ರಜ್ಞರು ಅದನ್ನು ಕಾಲರ್ಪ ಎಂದು ಕರೆಯುತ್ತಾರೆ. ಅದು ಹಸುರು ಪಾಚಿಗಳ ವರ್ಗಕ್ಕೆ ಸೇರಿದುದು. ಫಿಲಿಪ್ಪೀನ್ಸ್ ದ್ವೀಪಗಳ ಜನರು ಅದರ ಒಂದು ಜಾತಿಯನ್ನು ಕಟ್ಟೆಯೊಳಗಿನ ಕೊಳಗಳಲ್ಲಿ ನೆಟ್ಟು, ಕೊಯ್ದು, ಸಂತೆಗೆ ಕಳುಹಿಸುತ್ತಾರೆ. ಇನ್ನೊಂದು ಜಾತಿಯನ್ನು ತಮ್ಮ ಕಡಲಿನಿಂದ ಕಿತ್ತೊಗೆಯುವುದಕ್ಕಾಗಿ ಬೇರೆ ದೇಶಗಳ ಸರ್ಕಾರಗಳು ಲಕ್ಷಾಂತರ ಹಣವನ್ನು ವೆಚ್ಚಮಾಡಿರುತ್ತವೆ. ಒಂದೇ ಕುಲದ ಸಸ್ಯವು ಒಂದೆಡೆ ಬೆಳೆಯೂ ಮತ್ತೊಂದೆಡೆ ಕಳೆಯೂ ಆಗುವುದಕ್ಕೆ ಕಾರಣವು ಅದರ ದೇಹದ ಕಟ್ಟಿನಲ್ಲಿಯೇ ಇರುವುದು. ೨೦೨೦ ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಜಾರಿಗೆ ಬಂದಂದಿನಿಂದ ಕಡಲಪಾಚಿಗಳ ಬೇಸಾಯಕ್ಕೆ ಸರ್ಕಾರದ ಪ್ರೋತ್ಸಾಹವು ದೊರೆಯುತ್ತಿರುವುದಾದಕಾರಣ, ಉಪ್ಪುನೀರಿನ ಅಂಚಿನಲ್ಲಿ ಜಮೀನುಳ್ಳವರೂ ಗ್ರಾಮದ ಮುಖಂಡರೂ ಇದರ ರೂಪವನ್ನೂ ನೆಲೆಯನ್ನೂ ಅರಿತಿರುವುದು ಉಚಿತವಾಗಿದೆ.

ಈ ಹೆಸರನ್ನು ೧೮೦೯ ರಲ್ಲಿ ಫ್ರಾನ್ಸ್ ದೇಶದ ಲಾಮೂರೂ ಎಂಬ ಸಸ್ಯಶಾಸ್ತ್ರಜ್ಞನು ಕೊಟ್ಟನು. ಗ್ರೀಕ್ ಭಾಷೆಯ ‘ಕಾಂಡ’, ‘ಹರಿದಾಡು’ ಎಂಬರ್ಥದ ಎರಡು ಮಾತುಗಳನ್ನು ಕೂಡಿಸಿ ಅದನ್ನು ಮಾಡಿರುತ್ತಾನೆ. ಸಸ್ಯವನ್ನು ಕಣ್ಣಿನಿಂದ ನೋಡಿದವರಿಗೆ ಇದಕ್ಕಿಂತ ಒಪ್ಪುವ ಹೆಸರು ತೋಚಲಾರದು. ಮರಳಿನ ಮೇಲೆ ಮಲಗಿ ಮುಂದುಮುಂದಕ್ಕೆ ಹಬ್ಬುವ ದಪ್ಪ ದಾರದಂತಹ ಹಂಬೇ ಇದರ ಮುಖ್ಯ ಅಂಗ. ಹಂಬಿನ ಕೆಳಮಗ್ಗುಲಿನಿಂದ ಬಣ್ಣವಿಲ್ಲದ ಬೇರಿನಂತಹ ಎಳೆಗಳು ಕುಚ್ಚುಕುಚ್ಚಾಗಿ ಮರಳಿನೊಳಕ್ಕೆ ಇಳಿಯುವುವು. ಮೇಲ್ಮಗ್ಗುಲಿನಿಂದ ಎಲೆಯಂತಹ ಹಸುರು ಭಾಗಗಳು ನೆಟ್ಟಗೆ ಏಳುವುವು. ನೋಡುವುದಕ್ಕೆ ಒಂದೆಲಗದ ಬಳ್ಳಿಯೋ ಗರಿಕೆಯೋ ನೀರಿನಡಿಯಲ್ಲಿ ಹರಿದಂತೆಯೇ ತೋರುವುದು.

ಮೇಲೇಳುವ ಈ ಹಸುರು ಭಾಗದ ಆಕಾರವು ಜಾತಿಜಾತಿಗೆ ಬೇರೆ. ಟ್ಯಾಕ್ಸಿಫೋಲಿಯ ಎಂಬ ಜಾತಿಯಲ್ಲಿ ಅದು ತೆಂಗಿನ ಗರಿಯ ಒಂದು ಪುಟ್ಟ ನಮೂನೆಯಂತೆ ಎರಡೂ ಕಡೆ ಹಲ್ಲುಹಲ್ಲಾಗಿರುವುದು. ರೆಸಿಮೋಸ, ಲೆಂಟಿಲಿಫೆರ ಎಂಬ ಜಾತಿಗಳಲ್ಲಿ ಹಸುರಾದ ಕಾಳುಮೆಣಸಿನ ಗೊನೆಯನ್ನು ಕಿರಿದು ಮಾಡಿ ನಿಲ್ಲಿಸಿದಂತೆ ಗುಂಡುಗಳು ಒತ್ತಾಗಿರುವುವು. ಇನ್ನು ಕೆಲವು ಜಾತಿಗಳಲ್ಲಿ ಅದು ಚಪ್ಪಟೆಯಾದ ಪಟ್ಟಿ. ಅಷ್ಟೇ ಅಲ್ಲದೆ ಒಂದೇ ಜಾತಿಯೂ ಇದ್ದ ಸ್ಥಳಕ್ಕೆ ತಕ್ಕಂತೆ ರೂಪವನ್ನು ಬದಲಿಸುವುದುಂಟು. ಬಿಸಿಲು ಚೆನ್ನಾಗಿ ಬೀಳುವ ಕಡೆ ರೆಸಿಮೋಸದ ಗುಂಡುಗಳು ಒತ್ತೊತ್ತಾಗಿಯೂ ಗಿಡವು ಗಿಡ್ಡಾಗಿಯೂ ಇರುವುದು. ಬೆಳಕು ಕಡಿಮೆಯಾದ ಆಳದಲ್ಲಿ ಅವೇ ವಿರಳವಾಗಿ ಚಪ್ಪಟೆಯಾಗುವುವು. ಹಿಂದಿನ ವಿದ್ವಾಂಸರು ಇಂತಹ ರೂಪಭೇದಗಳನ್ನು ನೋಡಿ ಹೆಸರಿನ ಮೇಲೆ ಹೆಸರನ್ನು ಇಟ್ಟು ಸಾಕಷ್ಟು ಗೊಂದಲವನ್ನುಂಟುಮಾಡಿರುತ್ತಾರೆ. ಆದುದರಿಂದ ಎಲೆಯೊಂದನ್ನೇ ನೋಡಿ ಇದು ಇಂತಹ ಜಾತಿಯೆಂದು ನಿರ್ಧರಿಸುವುದು ಜಾಣತನವಲ್ಲ.

ಇಷ್ಟರವರೆಗೆ ಹೇಳಿದುದರಲ್ಲಿ ಆಶ್ಚರ್ಯಪಡತಕ್ಕ ವಿಷಯವೇನೂ ಇಲ್ಲ. ಆಶ್ಚರ್ಯವು ಹಂಬನ್ನು ಸೀಳಿ ನೋಡಿದಾಗ ಕಾಣುವುದು. ರಾಗಿಯ ಎಲೆಯ ಒಂದು ಚೂರನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ, ಇಟ್ಟಿಗೆಗಳನ್ನು ಜೋಡಿಸಿದ ಗೋಡೆಯಂತೆ ಸಾವಿರಾರು ಜೀವಕೋಶಗಳು ಗೋಚರಿಸುವುವು. ಪ್ರತಿಯೊಂದು ಕೋಶಕ್ಕೂ ತನ್ನದೇ ಆದ ಗೋಡೆಯುಂಟು. ಸಾಮಾನ್ಯವಾಗಿ ಒಂದೊಂದು ಕೋಶದಲ್ಲಿಯೂ ಒಂದೊಂದು ಬೀಜಕೇಂದ್ರವುಂಟು. ಕಾಲರ್ಪದಲ್ಲಿ ಇಂತಹ ವಿಭಾಗವೇ ಇಲ್ಲ. ಬೇರಿನ ತುದಿಯಿಂದ ಹಂಬಿನ ಮೂಲಕ ಎಲೆಯ ತುದಿಯವರೆಗೆ ಇರುವುದೆಲ್ಲವೂ ಒಂದೇ ಕೋಣೆ. ಅದರೊಳಗಿನ ರಸದಲ್ಲಿ ಹಸುರು ಕಣಗಳೂ ಲೆಕ್ಕವಿಲ್ಲದಷ್ಟು ಬೀಜಕೇಂದ್ರಗಳೂ ಒಟ್ಟಾಗಿ ಚಲಿಸುತ್ತಿರುವುವು. ಗಿಡದ ಉದ್ದವು ಒಂದು ಗಜವನ್ನು ಮೀರಿದರೂ ಅದು ಒಂದೇ ಜೀವಕೋಶ. ಲೋಕದಲ್ಲಿ ತಿಳಿದುಬಂದಿರುವ ಏಕಕೋಶ ಜೀವಿಗಳಲ್ಲಿ ಅತ್ಯಂತ ದೊಡ್ಡವುಗಳ ಪೈಕಿ ಇದು ಒಂದು.

ನಡುವೆ ಗೋಡೆಗಳಿಲ್ಲದ ಇಷ್ಟು ದೊಡ್ಡ ಮನೆಯು ಕುಸಿಯದಿರುವುದು ಹೇಗೆ? ಕೋಣೆಯ ಒಂದು ಗೋಡೆಯಿಂದ ಎದುರು ಗೋಡೆಗೆ ಸಣ್ಣಸಣ್ಣ ಅಡ್ಡತೊಲೆಗಳು ಹಾದಿರುವುವು. ತೊಟ್ಟಿಯ ಮನೆಯ ತೊಲೆಕಂಬಗಳಂತೆ ಅವು ಆಧಾರವನ್ನು ಕೊಡುವುವೇ ಹೊರತು ರಸದ ಸಂಚಾರವನ್ನು ತಡೆಯುವುದಿಲ್ಲ. ಒಳಗೆಲ್ಲವೂ ಒಂದೇ ಆಗಿದ್ದರೂ ಬೇರು ಬೇರಾಗಿಯೇ, ಎಲೆ ಎಲೆಯಾಗಿಯೇ ಉಳಿಯುವುದು ಮತ್ತೊಂದು ವಿಶೇಷ. ಟ್ಯಾಕ್ಸಿಫೋಲಿಯದ ವಿಷಯದಲ್ಲಿ ೨೦೧೫ ರಲ್ಲಿ ಪ್ರಕಟವಾದ ಸಂಶೋಧನೆಯಿಂದ, ಬೇರಿನ ಕಡೆಗೂ ಎಲೆಯ ತುದಿಯ ಕಡೆಗೂ ಬೇರೆಬೇರೆ ಜೀನುಗಳ ಸಂದೇಶಗಳು ಶೇಖರವಾಗಿರುವುವೆಂದು ತಿಳಿದುಬಂದಿದೆ. ಹಂಬನ್ನು ತಲೆಕೆಳಗಾಗಿ ಮಗುಚಿಟ್ಟರೆ, ಆಮೇಲೆ ಹುಟ್ಟುವ ಹೊಸ ಬೇರುಗಳು ಈಗ ಕೆಳಗಾದ ಮಗ್ಗುಲಿನಿಂದಲೂ ಹೊಸ ಎಲೆಗಳು ಮೇಲಾದ ಮಗ್ಗುಲಿನಿಂದಲೂ ಹೊರಡುವುವು. ನೆಲವು ಯಾವ ಕಡೆಗಿರುವುದೆಂಬುದನ್ನು ಸಸ್ಯವು ಹೀಗೆ ಗುರುತಿಸಿಕೊಳ್ಳುವುದು.

ಒಂದೇ ಮಡಕೆಗೆ ತೂತಾದರೆ ನೀರೆಲ್ಲವೂ ಸೋರಿಹೋಗಬೇಕಷ್ಟೆ. ಕಾಲರ್ಪದ ಹಂಬು ತುಂಡಾದರೂ ಅದರ ರಸವೆಲ್ಲ ಹೊರಗೆ ಸುರಿದು ಗಿಡವು ಸಾಯುವುದು ನ್ಯಾಯ. ಹಾಗಾಗುವುದಿಲ್ಲ. ತುಂಡಾದ ಕೆಲವು ನಿಮಿಷಗಳೊಳಗಾಗಿ ಬಾಯಿಯಲ್ಲಿ ಲೋಳೆಯಂತಹ ಪದಾರ್ಥವು ಗಟ್ಟಿಯಾಗಿ ಬೆಣೆಯಂತೆ ಕುಳಿತುಕೊಳ್ಳುವುದು. ಅನಂತರ ಅದರ ಒಳಗಡೆ ಹೊಸ ಗೋಡೆಯು ಏಳುವುದು. ಈ ಬೆಣೆಯ ಹಿಂದೆ ಒಂದು ಸ್ವಾರಸ್ಯವುಂಟು. ಗಿಡದ ರಸದಲ್ಲಿ ಕಾಲರ್ಪೆನೈನ್ ಎಂಬ ವಿಷಪದಾರ್ಥವಿರುವುದು. ಅನೇಕ ಮೀನುಗಳೂ ಕಡಲಿನ ಮುಳ್ಳುಗುಂಡುಪ್ರಾಣಿಗಳೂ ಈ ಸಸ್ಯಕ್ಕೆ ಬಾಯಿ ಹಾಕದಿರುವುದಕ್ಕೆ ಅದೇ ಕಾರಣ. ಗಾಯವಾದ ಕೂಡಲೇ ಅದೇ ವಿಷವು ರೂಪಾಂತರ ಹೊಂದಿ, ರಸದಲ್ಲಿನ ಸಸಾರಜನಕ ಪದಾರ್ಥಗಳನ್ನು ಒಂದಕ್ಕೊಂದು ಬೆಸೆಯುವ ಅಂಟಾಗುವುದು. ಹೀಗೆ ಶತ್ರುವಿಗೆ ವಿಷವಾದುದೇ ತನಗೆ ಮದ್ದಾಗುವುದು. ಈ ವಿಷಕ್ಕೆ ಅಂಜದೆ ಹಂಬಿಗೆ ಬಾಯಿಟ್ಟು ರಸವನ್ನು ಹೀರುವ ಕೆಲವು ಚಿಪ್ಪಿಲ್ಲದ ಬಸವನಹುಳುಗಳೂ ಸಮುದ್ರದಲ್ಲಿರುತ್ತವೆ.

ಆದಕಾರಣ ಅಲೆಯ ಹೊಡೆತದಿಂದಲೋ, ಬಲೆಯ ಎಳೆತದಿಂದಲೋ, ದೋಣಿಯ ಲಂಗರಿನಿಂದಲೋ ಹರಿದ ತುಂಡು ಸಾಯುವುದಿಲ್ಲ. ತೇಲಿಹೋಗಿ ಬಿದ್ದಲ್ಲಿ ಬೇರು ಬಿಡುವುದು. ಬೆರಳಿನ ಅಗಲಕ್ಕಿಂತ ಕಿರಿದಾದ ತುಂಡಿನಿಂದಲೂ ಹೊಸ ಗಿಡವು ಬೆಳೆಯಬಲ್ಲದು. ಕಬ್ಬಿನ ತುಂಡಿಗೆ ಕಣ್ಣು ಇರಬೇಕು, ವೀಳ್ಯದ ಹಂಬಿಗೆ ಗೆಣ್ಣು ಇರಬೇಕು. ಇದಕ್ಕೆ ಎರಡೂ ಬೇಡ.

ಸಾಧಾರಣವಾಗಿ ಕಡಲಪಾಚಿಗಳಿಗೆ ಬೇರಿನಂತೆ ತೋರುವ ಭಾಗವಿದ್ದರೂ ಅದು ಬಂಡೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ; ಆಹಾರವನ್ನು ಅವು ಮೈಯಿಂದಲೇ ನೀರಿನಿಂದ ಹೀರುವುವು. ಕಾಲರ್ಪವು ಈ ವಿಷಯದಲ್ಲಿ ನೆಲದ ಗಿಡಗಳನ್ನು ಹೋಲುವುದು. ಅದರ ಬೇರಿನ ಎಳೆಗಳು ಮರಳಿನ ಕಣಗಳನ್ನು ಬಿಗಿಯಾಗಿ ಹಿಡಿದು, ಕೆಸರಿನೊಳಗೆ ಕೊಳೆಯುತ್ತಿರುವ ಪದಾರ್ಥಗಳಿಂದ ಸಾರಜನಕ, ರಂಜಕ ಮುಂತಾದ ಗೊಬ್ಬರದ ಅಂಶಗಳನ್ನು ಎಳೆದುಕೊಳ್ಳುವುವು. ಉಷ್ಣವಲಯದ ಸ್ವಚ್ಛವಾದ ಸಮುದ್ರದ ನೀರಿನಲ್ಲಿ ಈ ಅಂಶಗಳು ಬಹಳ ಕಡಿಮೆ. ನೀರು ಬಡವಾಗಿದ್ದರೂ ಕೆಳಗಣ ಕೆಸರು ಸಾರವತ್ತಾಗಿದ್ದರೆ ಸಾಕು, ಈ ಸಸ್ಯವು ಹುಲುಸಾಗಿ ಬೆಳೆಯುವುದು.

ಇದರ ನೆಲೆಯನ್ನು ಇನ್ನು ಹೇಳಬೇಕಾಗಿದೆ. ಬೆಚ್ಚಗಿನ ನೀರು, ಬೆಳಕು, ಪೂರ್ಣ ಉಪ್ಪು, ಅಲೆಯ ಹೊಡೆತ ಮಿತವಾಗಿರುವ ಸ್ಥಳ, ಇವು ಕೂಡಿದ ಕಡೆ ಕಾಲರ್ಪವು ನೆಲೆಸುವುದು. ಹವಳದ ದಿಬ್ಬಗಳ ಹಿಂದಿನ ಆಳವಿಲ್ಲದ ನೀರು, ಮರಳು ಕೆಸರಿನ ಕೊಲ್ಲಿಗಳು, ಕಡಲಹುಲ್ಲಿನ ಬಯಲುಗಳು, ಕಾಂಡ್ಲ ಗಿಡಗಳ ಬುಡ, ಇಳಿತದಲ್ಲಿಯೂ ನೀರು ನಿಲ್ಲುವ ಬಂಡೆಯ ಗುಂಡಿಗಳು ಇದರ ಸಹಜ ಸ್ಥಾನಗಳು. ನೀರು ತಿಳಿಯಾಗಿದ್ದರೆ ಹತ್ತಾರು ಗಜಗಳ ಆಳದವರೆಗೂ ಇಳಿಯುವುದು. ಭಾರತದಲ್ಲಿ ಮನ್ನಾರ್ ಖಾರಿಯ ದ್ವೀಪಗಳು, ಮಂಡಪಂ ತೀರ, ಗುಜರಾತಿನ ಓಖಾ ತೀರ, ಲಕ್ಷದ್ವೀಪ, ಅಂಡಮಾನ್ ಮುಂತಾದ ಕಡೆಗಳಲ್ಲಿ ಇದರ ಹಲವು ಜಾತಿಗಳು ಸ್ವಾಭಾವಿಕವಾಗಿಯೇ ಇರುವುವು. ಅಲ್ಲಿ ಇದನ್ನು ಕಳೆಯೆಂದು ಭಾವಿಸತಕ್ಕದ್ದಲ್ಲ. ಮರಳನ್ನು ಹಿಡಿದು ನಿಲ್ಲಿಸುವುದೂ ಸಣ್ಣ ಪ್ರಾಣಿಗಳಿಗೆ ಆಶ್ರಯವಾಗುವುದೂ ಇದರಿಂದಾಗುವ ಉಪಕಾರ.

ಈ ಸಸ್ಯಕ್ಕೆ ಮುಖ್ಯವಾದ ಶತ್ರುವೆಂದರೆ ಸಿಹಿನೀರು. ಅದರ ರಸವು ಸಮುದ್ರದ ನೀರಿನ ಉಪ್ಪಿಗೆ ಹೊಂದಿಕೊಂಡಿರುವುದರಿಂದ, ಸುತ್ತಲಿನ ನೀರು ಸಪ್ಪೆಯಾದ ಕೂಡಲೇ ಕೋಶದೊಳಕ್ಕೆ ನೀರು ನುಗ್ಗಿ ಗಿಡವು ಮೆತ್ತಗಾಗಿ ಕೊಳೆಯುವುದು. ನಮ್ಮ ಕರಾವಳಿಯಲ್ಲಿ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ನದಿಗಳು ಜೂನ್ ತಿಂಗಳಿನಿಂದ ಮೊದಲಾಗಿ ಮಳೆಗಾಲವೆಲ್ಲಾ ಘಟ್ಟದ ನೀರನ್ನು ಅಳಿವೆಗಳಿಗೆ ತಂದು ಸುರಿಯುವುವು. ಕುಮಟೆಯ ಕಡೆಯ ಗಜನಿ ಜಮೀನುಗಳಲ್ಲಿ ಕಗ್ಗ ಭತ್ತವನ್ನು ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಮಳೆಯು ಮಣ್ಣಿನ ಉಪ್ಪನ್ನು ತೊಳೆಯುವುದರಿಂದಲೇ ಅಲ್ಲಿ ಭತ್ತದ ಬೆಳೆಯು ಸಾಧ್ಯವಾಗಿರುವುದು. ಭತ್ತಕ್ಕೆ ವರವಾದ ಆ ಸಿಹಿನೀರೇ ಈ ಪಾಚಿಗೆ ಮೃತ್ಯು. ಬೇಸಗೆಯ ಕೆಲವು ತಿಂಗಳುಗಳ ಉಪ್ಪನ್ನು ನೋಡಿ, ಗಜನಿಯಲ್ಲಿ ವರ್ಷವೆಲ್ಲಾ ಕಾಲರ್ಪವನ್ನು ಬೆಳೆಯಬಹುದೆಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಿವಿಗೊಡತಕ್ಕದ್ದಲ್ಲ.

ಸಂತಾನದ ಇನ್ನೊಂದು ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಕೆಲವು ಕಾಲಗಳಲ್ಲಿ ಗಿಡದೊಳಗಿನ ಜೀವರಸವೆಲ್ಲವೂ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಕಾಣದ ಸಂತಾನಕಣಗಳಾಗಿ ಪರಿಣಮಿಸುವುದು. ಬೆಳಗಿನ ಜಾವದಲ್ಲಿ ಅವು ಹಸುರು ಹೊಗೆಯಂತೆ ನೀರಿಗೆ ಹೊರಡುವುವು. ಸೂರ್ಯನು ಏರುವ ಹೊತ್ತಿಗೆ ಗಿಡವಿದ್ದಲ್ಲಿ ಬಿಳಿಯ ಸಿಪ್ಪೆ ಮಾತ್ರ ಉಳಿದು, ಅದೂ ಸ್ವಲ್ಪ ಕಾಲದಲ್ಲಿ ಕರಗಿಹೋಗುವುದು. ಕೆರಿಬ್ಬಿಯನ್ ಸಮುದ್ರದ ಹವಳದ ದಿಬ್ಬಗಳಲ್ಲಿ ಹಲವು ಜಾತಿಗಳು ಬೆಳಗಿನ ಜಾವದ ಬೇರೆಬೇರೆ ಹೊತ್ತಿನಲ್ಲಿ ಹೀಗೆ ಮಾಡುವುವೆಂದು ೧೯೯೭ ರಲ್ಲಿ ಪ್ರಕಟವಾದ ವರದಿಯಿಂದ ತಿಳಿದುಬಂದಿತು. ಬಾಳೆಯ ಗಿಡವು ಗೊನೆ ಹಾಕಿ ಸಾಯುವಂತೆ ಇದೂ ಒಂದೇ ಸಲ ಫಲಿಸಿ ಮುಗಿಯುವುದೆನ್ನಬಹುದು. ಆದರೆ ಬೇಸಾಯಕ್ಕಾಗಲಿ ಕಳೆಯ ಹರಡುವಿಕೆಗಾಗಲಿ ಮುಖ್ಯವಾದುದು ಈ ಕ್ರಮವಲ್ಲ, ಹಿಂದೆ ಹೇಳಿದ ತುಂಡಿನ ಕ್ರಮವೇ.

ತುಂಡಿನಿಂದ ಬೆಳೆಯುವ ಗುಣವನ್ನು ಲಾಭಕ್ಕೆ ತಿರುಗಿಸಿಕೊಂಡವರು ಫಿಲಿಪ್ಪೀನ್ಸಿನ ಸೆಬು ಪ್ರಾಂತದ ಮಕ್ತಾನ್ ದ್ವೀಪದವರು. ೧೯೫೦ ರ ದಶಕದ ಆರಂಭದಲ್ಲಿ ಅಲ್ಲಿ ಮೀನಿನ ಕೊಳಗಳಿಗೆ ಮೇವಿಗಾಗಿ ತಂದು ಹಾಕಿದ ಕಡಲಪಾಚಿಗಳೊಂದಿಗೆ ಲೆಂಟಿಲಿಫೆರವೂ ಅಕಸ್ಮಾತ್ತಾಗಿ ಬಂದು ಸೇರಿತು. ಅದು ಮೀನಿಗಿಂತ ಹೆಚ್ಚಿನ ಹಣವನ್ನು ತರುವುದೆಂದು ಕಂಡುಕೊಂಡ ಮೇಲೆ ಕೊಳಗಳನ್ನು ಅದಕ್ಕೇ ಮೀಸಲಿಟ್ಟರು. ಅಲ್ಲಿಯ ಕ್ರಮವು ನಮ್ಮ ಭತ್ತದ ನಾಟಿಯನ್ನು ನೆನಪಿಗೆ ತರುವುದು. ಕೊಳವನ್ನು ಬರಿದುಮಾಡಿ, ನೆಲವನ್ನು ಸಮಮಾಡಿ, ಸ್ವಲ್ಪ ನೀರನ್ನು ಬಿಟ್ಟುಕೊಂಡು, ಹಿಡಿಹಿಡಿಯಾಗಿ ಪಾಚಿಯನ್ನು ತೆಗೆದುಕೊಂಡು ಅದರ ಒಂದು ತುದಿಯನ್ನು ಕೆಸರಿನಲ್ಲಿ ಹುಗಿಯುತ್ತಾ ಹೋಗುವರು. ಆಮೇಲೆ ಭರತದ ವೇಳೆಯಲ್ಲಿ ತೂಬನ್ನು ತೆರೆದು ಹೊಸ ನೀರನ್ನು ತುಂಬುವುದು, ಇಳಿತದಲ್ಲಿ ಹಳೆಯ ನೀರನ್ನು ಬಿಡುವುದು, ಇಷ್ಟೇ ನೀರಾವರಿ. ಕೆಲವು ದಿನಗಳಿಗೊಮ್ಮೆ ಹೀಗೆ ನೀರನ್ನು ಬದಲಿಸದಿದ್ದರೆ ಗಿಡವು ಬಿಳಿಚಿಕೊಳ್ಳುವುದು. ನಡುವೆ ಹುಟ್ಟುವ ಬೇರೆ ಪಾಚಿಗಳನ್ನು ಕೈಯಿಂದ ಕಿತ್ತುಹಾಕಬೇಕು.

ಸುಮಾರು ಎರಡು ತಿಂಗಳಲ್ಲಿ ಕೊಳದ ತಳವೆಲ್ಲಾ ಹಸುರು ಜಮಖಾನೆಯಾಗುವುದು. ಆಗ ಕೈಯಿಂದ ಕಿತ್ತು ಸಮುದ್ರದ ನೀರಿನಲ್ಲಿಯೇ ತೊಳೆಯುವರು. ನಾಲ್ಕನೆಯ ಒಂದು ಪಾಲಿನಷ್ಟನ್ನು ಅಲ್ಲಲ್ಲಿಯೇ ಬಿಟ್ಟರೆ ಅದೇ ಮುಂದಿನ ಬೆಳೆಗೆ ಬಿತ್ತನೆ. ಎರಡನೆಯ ಸಲ ನಾಟಿಯ ಕೂಲಿಯು ಉಳಿಯುವುದು. ಹೆಕ್ಟೇರೊಂದಕ್ಕೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ವರ್ಷದಲ್ಲಿ ೧೨ ರಿಂದ ೧೫ ಟನ್ನುಗಳಷ್ಟು ಹಸಿ ಪಾಚಿಯು ದೊರೆಯುವುದೆಂದು ಲೆಕ್ಕ. ಹೊಳೆಯ ಬಾಯಿಗೆ ಹತ್ತಿರವಾದ ಸ್ಥಳದಲ್ಲಿ ಅವರು ಕೊಳವನ್ನು ತೋಡುವುದಿಲ್ಲ. ಬಿರುಮಳೆಯ ಕಾಲದಲ್ಲಿ ಬೆಳೆಯು ನಷ್ಟವಾಗುವುದೂ ಉಂಟು. ಇದನ್ನು ಆ ಜನರು ‘ಲಾತೊ’ ಎಂದು ಕರೆದು ಬೇಯಿಸದೆಯೇ ಕೋಸಂಬರಿಯಂತೆ ತಿನ್ನುತ್ತಾರೆ. ಜಪಾನಿನ ಓಕಿನಾವಾ ದ್ವೀಪದಲ್ಲಿಯೂ ‘ಕಡಲ ದ್ರಾಕ್ಷಿ’ ಎಂಬ ಅರ್ಥದ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಹುಳಿಯನ್ನಾಗಲಿ ಸಿಹಿನೀರನ್ನಾಗಲಿ ಮುಂಚಿತವಾಗಿ ಬೆರಸಿಟ್ಟರೆ ಗುಂಡುಗಳು ಬತ್ತಿಹೋಗುವುದರಿಂದ ಉಣ್ಣುವಾಗಲೇ ಬೆರಸಿಕೊಳ್ಳುವರು. ಒಂದೇ ಕೋಶದ ಗಿಡವೆಂಬ ಶಾಸ್ತ್ರದ ಮಾತು ಹೀಗೆ ಅಡಿಗೆಮನೆಯಲ್ಲಿಯೂ ಪ್ರತ್ಯಕ್ಷವಾಗುವುದು.

ಇನ್ನು ಕಳೆಯ ವೃತ್ತಾಂತ. ಗಾಜಿನ ತೊಟ್ಟಿಗಳಲ್ಲಿ ಸಮುದ್ರದ ಮೀನುಗಳನ್ನು ಸಾಕುವವರು ಅಂದಕ್ಕಾಗಿ ಟ್ಯಾಕ್ಸಿಫೋಲಿಯವನ್ನು ನೆಡುವ ರೂಢಿಯು ಯೂರೋಪಿನಲ್ಲಿತ್ತು. ತೊಟ್ಟಿಯಿಂದ ತೊಟ್ಟಿಗೆ ಸಾಗಿಬಂದ ಒಂದು ತಳಿಯು, ಉಷ್ಣವಲಯದ ತನ್ನ ಬಂಧುಗಳು ಸಹಿಸಲಾರದ ಚಳಿಯನ್ನೂ ಸಹಿಸುವಂತಹುದಾಗಿತ್ತು. ೧೯೮೪ ರಲ್ಲಿ ಮೊನಾಕೊ ತೀರದ ಸಮುದ್ರದ ತಳದಲ್ಲಿ ಇದು ಸುಮಾರು ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಕಂಡುಬಂದಿತು. ಒಬ್ಬ ಆಳು ಅರ್ಧ ದಿನದಲ್ಲಿ ಕಿತ್ತುಹಾಕಬಹುದಾಗಿದ್ದಷ್ಟು. ಯಾರೂ ಕೀಳಲಿಲ್ಲ. ೧೯೮೯ ರಲ್ಲಿ ಫ್ರಾನ್ಸಿನ ನೀಸ್ ವಿಶ್ವವಿದ್ಯಾನಿಲಯದ ಅಲೆಕ್ಸಾಂಡರ್ ಮೈನೆಸ್ ಎಂಬ ಪ್ರಾಧ್ಯಾಪಕರು ಮುಳುಗಿ ನೋಡುವ ಹೊತ್ತಿಗೆ ಅದು ಒಂದು ಹೆಕ್ಟೇರಿನಷ್ಟಾಗಿತ್ತು. ಬಂದ ದಾರಿ ಯಾವುದು, ಹೊಣೆ ಯಾರದು, ಕೀಳಬೇಕೋ ಬೇಡವೋ ಎಂಬ ವಾದದಲ್ಲಿಯೇ ವರ್ಷಗಳು ಕಳೆದುವು. ೨೦೦೦ ದ ಅಂತ್ಯಕ್ಕೆ ಫ್ರಾನ್ಸ್, ಮೊನಾಕೊ, ಇಟಲಿ, ಸ್ಪೇನ್, ಕ್ರೊಯೇಷಿಯ, ಟ್ಯುನೀಸಿಯ ಎಂಬ ಆರು ದೇಶಗಳ ತೀರದಲ್ಲಿ, ಅಲ್ಲಲ್ಲಿ ತೇಪೆಗಳಾಗಿ ಹರಡಿದ ಜಾಗವೂ ಸೇರಿ, ೧೩೧ ಚದರ ಕಿಲೋಮೀಟರು ಇದರ ವಶವಾಗಿತ್ತು. ನಮ್ಮ ಲೆಕ್ಕದಲ್ಲಿ ಮೂವತ್ತೆರಡು ಸಾವಿರ ಎಕರೆಗೂ ಮಿಗಿಲು. ಅಲ್ಲಿ ಕಂಡುಬಂದ ಸಂತಾನಕಣಗಳು ಗಂಡು ಮಾತ್ರವಾಗಿದ್ದುದರಿಂದ ಈ ಹರಡುವಿಕೆಯೆಲ್ಲವೂ ತುಂಡುಗಳಿಂದಲೇ ಆದುದೆಂದು ಹೇಳಬೇಕಾಗುವುದು. ಲಂಗರಿನ ಹಗ್ಗದ ನಡುವೆ, ತೇವವೂ ಕತ್ತಲೆಯೂ ಇರುವ ಕಡೆ, ಒಂದು ತುಂಡು ಹತ್ತು ದಿನಗಳವರೆಗೆ ಜೀವವನ್ನು ಹಿಡಿದಿರಬಲ್ಲದು. ದೋಣಿಗೆ ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗಲು ಅಷ್ಟು ದಿನ ಬೇಕಿಲ್ಲ.

ವೃತ್ತಪತ್ರಿಕೆಗಳು ಇದನ್ನು ‘ಕೊಲೆಗಡುಕ ಪಾಚಿ’ ಎಂದು ಕರೆದುವು. ಅದು ಅತಿಶಯೋಕ್ತಿ, ಮನುಷ್ಯರನ್ನು ಇದು ಏನೂ ಮಾಡುವುದಿಲ್ಲ. ಕಡಲಹುಲ್ಲಿನ ಬಯಲುಗಳ ಮೇಲೆ ಹಬ್ಬಿ, ಮೀನಿನ ಮರಿಗಳಿಗೆ ಮೇವೂ ಮರೆಯೂ ಆದುದನ್ನು ಕೆಡಿಸುವುದೇ ಇದರಿಂದಾಗುವ ನಿಜವಾದ ಹಾನಿ. ಈಚಿನ ವರ್ಷಗಳಲ್ಲಿ ಮೆಡಿಟರೇನಿಯನ್ನಿನ ಅನೇಕ ಕಡೆ ಇದು ಬಹಳ ಮಟ್ಟಿಗೆ ಹಿಂಜರಿದಿರುವುದೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಇದೇ ಸಸ್ಯವು ೨೦೦೦ ದ ಜೂನ್ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಅಗುವಾ ಹೆಡಿಯೊಂಡಾ ಎಂಬ ಹಿನ್ನೀರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ಅಧಿಕಾರಿಗಳು ವಾದಕ್ಕೆ ಕುಳಿತುಕೊಳ್ಳಲಿಲ್ಲ. ಕೆಲವು ವಾರಗಳೊಳಗಾಗಿ ಪ್ರತಿಯೊಂದು ತೇಪೆಯ ಮೇಲೂ ಕಪ್ಪು ಪ್ಲಾಸ್ಟಿಕ್ ಹೊದಿಕೆಯನ್ನು ಹೊದಿಸಿ, ಅಂಚಿಗೆ ಮರಳಿನ ಚೀಲಗಳನ್ನು ಹೇರಿ, ಒಳಕ್ಕೆ ಕ್ಲೋರೀನ್ ಮದ್ದನ್ನು ತುಂಬಿದರು. ಆಮೇಲೂ ವರ್ಷಗಟ್ಟಲೆ ಮುಳುಗುಗಾರರಿಂದ ತಳವನ್ನು ಶೋಧಿಸಿದರು. ೨೦೦೬ ರಲ್ಲಿ ನಿರ್ಮೂಲವಾಯಿತೆಂದು ಸಾರಿದರು. ವೆಚ್ಚವು ಎಪ್ಪತ್ತು ಲಕ್ಷ ಡಾಲರುಗಳನ್ನು ಮೀರಿತು. ೨೦೦೧ ರಲ್ಲಿಯೇ ಆ ರಾಜ್ಯವು ಕಾಲರ್ಪದ ಒಂಬತ್ತು ಜಾತಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿತ್ತು.

ಆಸ್ಟ್ರೇಲಿಯದ ಅಡಿಲೇಡ್ ನಗರದವರು ಹೂಡಿದ ಉಪಾಯವು ಇನ್ನೂ ಸರಳ. ಸಸ್ಯದ ನೆಲೆಯನ್ನು ಅರಿತವರಿಗೆ ಅದು ಹೊಳೆಯತಕ್ಕದ್ದೇ. ಅಲ್ಲಿಯ ವೆಸ್ಟ್ ಲೇಕ್ಸ್ ಎಂಬ ಉಪ್ಪುನೀರಿನ ಸರೋವರದಲ್ಲಿ ಇದು ೨೦೦೨ ರಲ್ಲಿ ಕಂಡುಬಂದಾಗ, ಸಮುದ್ರದ ನೀರು ಬರುವುದನ್ನು ತಡೆದು ಸಿಹಿನೀರನ್ನು ಸರೋವರಕ್ಕೆ ತಿರುಗಿಸಿದರು. ಉಪ್ಪು ಇಳಿದ ಮೇಲೆ ಪಾಚಿಯು ಸತ್ತುಹೋಯಿತು. ಅದೇ ದೇಶದ ನ್ಯೂ ಸೌತ್ ವೇಲ್ಸಿನಲ್ಲಿ, ಸಿಹಿನೀರನ್ನು ತರಲಾಗದ ಕಡೆ, ಇದಕ್ಕೆ ವಿರುದ್ಧವಾಗಿ ದಪ್ಪ ಉಪ್ಪನ್ನು ತೇಪೆಗಳ ಮೇಲೆ ಸುರಿದು ಕೊಂದರು. ಉಪ್ಪು ಕಡಿಮೆಯಾದರೂ ವಿಪರೀತವಾದರೂ ಇದು ಬದುಕಲಾರದು. ನ್ಯೂಜಿಲೆಂಡಿನಲ್ಲಿ ಬ್ರಾಕಿಪಸ್ ಎಂಬ ಬೇರೊಂದು ಜಾತಿಯು ೨೦೨೧ ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದ ಬಳಿ ಕಾಣಿಸಿಕೊಂಡಾಗ, ಹರಡಿದ ಕೊಲ್ಲಿಗಳಲ್ಲಿ ಲಂಗರು ಹಾಕುವುದನ್ನೂ ಮೀನು ಹಿಡಿಯುವುದನ್ನೂ ನಿರ್ಬಂಧಿಸಬೇಕಾಯಿತು. ಹೊಟ್ಟೆಪಾಡಿಗೆ ಆ ಕೊಲ್ಲಿಗಳನ್ನೇ ನಂಬಿದವರಿಗೆ ಇದು ಸಣ್ಣ ಕಷ್ಟವಲ್ಲ.

ನಮ್ಮ ದೇಶದ ಅನುಭವವೂ ಒಂದುಂಟು. ಅದು ಕಾಲರ್ಪದ್ದಲ್ಲ, ಬೇಸಾಯಕ್ಕಾಗಿ ಹೊರಗಿನಿಂದ ತಂದ ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯದು. ಅದು ಬೆಳೆಯ ಸ್ಥಳದಿಂದ ತಪ್ಪಿಸಿಕೊಂಡು ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿರುವುದು ೨೦೦೮ ರಲ್ಲಿ ವರದಿಯಾಯಿತು. ಕಡಲಿಗೆ ಬದುವಿಲ್ಲ, ಒಬ್ಬನ ಬೆಳೆಯು ನೆರೆಯವನ ಹೊಲಕ್ಕೆ ಹೋಗದಂತೆ ತಡೆಯುವುದು ನೆಲದ ಮೇಲಿನಷ್ಟು ಸುಲಭವಲ್ಲ.

ಆದುದರಿಂದ ಕರಾವಳಿಯ ಗ್ರಾಮಗಳಿಗೆ ಯಾರಾದರೂ ಹಸುರು ಪಾಚಿಯ ಬಿತ್ತನೆಯನ್ನು ತಂದು ಮಾರಲು ಬಂದರೆ, ಅದರ ಜಾತಿ ಯಾವುದು, ಯಾವ ತೀರದಿಂದ ತಂದುದು, ಆ ಜಾತಿಯು ಈ ತೀರದಲ್ಲಿ ಮೊದಲೇ ಇರುವುದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಪಡೆದು, ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿದ ಹೊರತು ನೀರಿಗೆ ಬಿಡಗೊಡಬಾರದು. ದಡದಲ್ಲಿ ಹೊಸ ತೇಪೆಯೇನಾದರೂ ಕಂಡರೆ ಕೋಲಿನಿಂದಾಗಲಿ ಬಲೆಯಿಂದಾಗಲಿ ಎಳೆದು ನೋಡಬೇಡಿರಿ. ಗರಿಕೆಗೆ ಕುಂಟೆ ಹೊಡೆದಂತಾಗುವುದು. ಇರುವ ಸ್ಥಳವನ್ನು ಗುರುತಿಟ್ಟು ತಿಳಿಸಿದರೆ ಸಾಕು. ಪಟ್ಟಣದಲ್ಲಿ ಓದುವ ಮಕ್ಕಳು ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಇಟ್ಟುಕೊಂಡಿದ್ದರೆ, ಬೇಡವಾದ ಗಿಡಗಳನ್ನು ಹಳ್ಳಕ್ಕಾಗಲಿ ಕಡಲಿಗಾಗಲಿ ಎಸೆಯದೆ, ಕೊಡದ ಸಿಹಿನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ನೀರಿನಿಂದ ದೂರವಾದ ಕಡೆ ಹೂಳಬೇಕೆಂದು ಹೇಳಿರಿ. ತೊಟ್ಟಿಯ ತಳದ ಮರಳಿನಲ್ಲಿಯೂ ಹಂಬಿನ ತುಂಡುಗಳು ಉಳಿದಿರುವುದುಂಟು. ಆ ಮರಳನ್ನೂ ಹಾಗೆಯೇ ಒಣಗಿಸತಕ್ಕದ್ದು.